ಸೀಗಡಿ ಚಿಪ್ಪಿನ ನ್ಯಾನೋಕಣ: ಮೂಲಕ್ಕಿಂತ ಶುದ್ಧತೆ ಮುಖ್ಯ

ಮಾನ್ಯರೇ,

ಸೀಗಡಿ, ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಎಂಬ ಬಹುಶರ್ಕರದ (ಸಕ್ಕರೆಯಂಥ ಅಣುಗಳ ಉದ್ದ ಸರಪಳಿ) ಅತಿಸೂಕ್ಷ್ಮ ನ್ಯಾನೋಕಣಗಳಲ್ಲಿ ಔಷಧವನ್ನೂ ವಂಶವಾಹಿಗಳನ್ನೂ ತುಂಬಿ ಜೀವಕೋಶದೊಳಕ್ಕೆ ಸಾಗಿಸುವ ಸಂಶೋಧನೆಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ನೈಸರ್ಗಿಕ ಮೂಲದ್ದಾದ್ದರಿಂದ ಅಪಾಯವಿಲ್ಲ ಎಂಬ ಮಾತೂ ಅದರ ಬೆನ್ನಿಗೇ ಇರುತ್ತದೆ. ನನ್ನ ತಕರಾರು ಇರುವುದು ಈ ಎರಡನೆಯ ಮಾತಿನ ಬಗ್ಗೆ.

ಕೈಟೋಸಾನ್ ಸಾಮಾನ್ಯ ವಸ್ತುವೇನಲ್ಲ. ಲಘು ಆಮ್ಲದಲ್ಲಿ ಕರಗಿದಾಗ ಅದು ಧನ ವಿದ್ಯುದಂಶ ಪಡೆಯುತ್ತದೆ. ಡಿಎನ್‌ಎ ಋಣ ವಿದ್ಯುದಂಶದ್ದಾದ್ದರಿಂದ ಎರಡೂ ತಾವಾಗಿಯೇ ಬೆಸೆದುಕೊಂಡು ಕಣಗಳಾಗುತ್ತವೆ. ಔಷಧ ತುಂಬುವ ವಿಧಾನವೂ ಸರಳ: ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ತಿಳಿಯಾದ ಕೈಟೋಸಾನ್ ದ್ರಾವಣಕ್ಕೆ ಔಷಧ ಬೆರೆಸಿ, ಕಲಕುತ್ತಾ ಟ್ರೈಪಾಲಿಫಾಸ್ಫೇಟ್ ಎಂಬ ಋಣ ವಿದ್ಯುದಂಶದ ಲವಣದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ, ನೋಡನೋಡುತ್ತಲೇ ಅದು ನಸುನೀಲಿ ಛಾಯೆಯ ಹಾಲುಬಣ್ಣಕ್ಕೆ ತಿರುಗುತ್ತದೆ; ಕಣಗಳು ರೂಪುಗೊಂಡ ಗುರುತದು. ಹನಿ ಅಳತೆ ಮೀರಿದರೆ ಗಂಟುಗಟ್ಟಿ ತಳಕ್ಕಿಳಿಯುತ್ತದೆ.

ಇಂಥ ಕಣಗಳಲ್ಲಿ ಡಿಎನ್‌ಎ ತುಂಬಿ, ಕಡಲೆಕಾಯಿ ಅಲರ್ಜಿಯ ವಿರುದ್ಧ ಇಲಿಗಳಿಗೆ ಬಾಯಿಯ ಮೂಲಕವೇ ಕೊಟ್ಟ ಪ್ರಯೋಗ 1999ರಲ್ಲಿಯೇ ಪ್ರಕಟವಾಗಿದೆ. ಆದರೂ ಮುಂದೆ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳನ್ನು ಹೊತ್ತು ತಂದದ್ದು ಕೊಬ್ಬಿನ ನ್ಯಾನೋಕಣಗಳೇ ಹೊರತು ಇವಲ್ಲ. ರಕ್ತದ ಪಿಎಚ್ (ಆಮ್ಲ-ಕ್ಷಾರಗಳ ಅಳತೆ) 7.4ರಷ್ಟಿದ್ದು, ಅದು ಆಮ್ಲೀಯವಲ್ಲದ್ದರಿಂದ ಕೈಟೋಸಾನ್ ಅಲ್ಲಿ ತನ್ನ ವಿದ್ಯುದಂಶವನ್ನೂ ಕರಗುವ ಗುಣವನ್ನೂ ಬಹುಪಾಲು ಕಳೆದುಕೊಳ್ಳುತ್ತದೆ. ಕಚ್ಚಾವಸ್ತುವಿನ ತೊಂದರೆಯೂ ಸಣ್ಣದಲ್ಲ. ಸೀಗಡಿಯ ಜಾತಿ, ಚಿಪ್ಪನ್ನು ಕ್ಷಾರದಲ್ಲಿ ಕಾಯಿಸಿದ ಅವಧಿ ಮತ್ತು ಉಷ್ಣತೆ ಬದಲಾದಂತೆ ಅಣುಸರಪಳಿಯ ಉದ್ದವೂ ವಿದ್ಯುದಂಶದ ಸಾಂದ್ರತೆಯೂ ಬದಲಾಗುತ್ತವೆ. ಕಣದ ಗಾತ್ರ, ಔಷಧ ಹೊರಬರುವ ವೇಗಗಳೂ ಅದರೊಂದಿಗೆ ಏರುಪೇರಾಗುತ್ತವೆ. ಶುದ್ಧೀಕರಣ ಸಾಲದೆ ಪ್ರೋಟೀನಿನ ಅಂಶ ಉಳಿದರೆ ಸೀಗಡಿ ಅಲರ್ಜಿ ಇರುವವರ ಪಾಡೇನು? ಬ್ಯಾಕ್ಟೀರಿಯಾದ ವಿಷಾಂಶ ಉಳಿದಿದ್ದರಂತೂ ಚುಚ್ಚುಮದ್ದಾಗಿ ಅದನ್ನು ಕೊಡುವಂತೆಯೇ ಇಲ್ಲ.

ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಕೇಂದ್ರ ಸರ್ಕಾರ 2019ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಆದರೆ ಪರೀಕ್ಷೆ ಔಷಧದ ಹಂತದಲ್ಲಿ ಶುರುವಾದರೆ ತಡವಾಯಿತೆಂದೇ ಲೆಕ್ಕ. ನಮ್ಮ ಕರಾವಳಿಯ ಸಂಸ್ಕರಣಾ ಘಟಕಗಳಿಂದ ಹೊರಬೀಳುವ ಚಿಪ್ಪನ್ನು ಔಷಧ ದರ್ಜೆಯ ಕೈಟೋಸಾನ್ ಆಗಿಸಬೇಕಾದರೆ, ಚಿಪ್ಪು ಸಂಗ್ರಹಿಸುವಲ್ಲಿಂದಲೇ ಚಿಪ್ಪಿನ ಪ್ರತಿ ಕಂತಿನ (ಬ್ಯಾಚ್) ಮೂಲ ಮತ್ತು ಗುಣಮಟ್ಟದ ದಾಖಲೆ ಇಡುವ ವ್ಯವಸ್ಥೆಯಾಗಬೇಕು. ರಾಜ್ಯದ ಮೀನುಗಾರಿಕೆ ಇಲಾಖೆಯೂ ಔಷಧ ನಿಯಂತ್ರಣ ಇಲಾಖೆಯೂ ಒಟ್ಟಿಗೆ ಕುಳಿತು ಇದನ್ನು ರೂಪಿಸಲಿ. ಪತ್ರಿಕೆಗಳೂ ಇಂಥ ಸಂಶೋಧನೆಯ ಸುದ್ದಿ ಕೊಡುವಾಗ, ಪ್ರಯೋಗ ನಡೆದದ್ದು ಗಾಜಿನ ತಟ್ಟೆಯ ಜೀವಕೋಶಗಳ ಮೇಲೋ, ಇಲಿಗಳ ಮೇಲೋ, ಮನುಷ್ಯರ ಮೇಲೋ ಎಂಬುದನ್ನು ಮೊದಲ ಸಾಲುಗಳಲ್ಲಿಯೇ ತಿಳಿಸಬೇಕೆಂದು ಕೋರುತ್ತೇನೆ.

— ಔಷಧ ವಿಜ್ಞಾನದ ನಿವೃತ್ತ ಅಧ್ಯಾಪಕ, ಮಂಗಳೂರು