ನಾನಾ ಪೇಠ್‌ನ ಮೆಕ್ಯಾನಿಕ್ ಅಣ್ಣನಿಗೆ

ಪುಣೆಯ ನಾನಾ ಪೇಠ್‌ನಲ್ಲಿ ಹಳೇ ಬೈಕ್ ನೋಡುತ್ತಿದ್ದೆ. ನನ್ನ ಲೈಸೆನ್ಸ್ ಹೊಸದು, ಮಾರುವವರಿಗೆ ಅಡ್ವಾನ್ಸಿನ ಅವಸರ. ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಪಕ್ಕದ ಗ್ಯಾರೇಜಿನಲ್ಲಿದ್ದ ನಿಮಗೆ ಕೇಳಿಸಿತು. "ಯಾವೂರು ತಮ್ಮಾ?" ಎನ್ನುತ್ತಾ ಬಂದಿರಿ. ಮೊದಲು ಎಂಜಿನ್ ಮುಟ್ಟಿದಿರಿ. ಬಿಸಿ ಇತ್ತು. "ಕಾಯಿಸಿಟ್ಟಾರ. ತಣ್ಣಗಿದ್ದಾಗ ಹೆಂಗ ಸ್ಟಾರ್ಟ್ ಆಗ್ತದ ನೋಡಬೇಕು" ಎಂದಿರಿ. ನನ್ನ ಬೆರಳನ್ನೇ ಹಿಡಿದು ಮುಂದಿನ ಫೋರ್ಕ್ ಸವರಿಸಿ, ಸೋರಿದ ಎಣ್ಣೆ ತೋರಿಸಿದಿರಿ. ಚಾಸಿ ನಂಬರಿನ ಮಣ್ಣನ್ನು ನಿಮ್ಮ ಬಟ್ಟೆಯಿಂದಲೇ ಒರೆಸಿ, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಓದಿಸಿದಿರಿ. ಎಷ್ಟು ಸಮಾಧಾನ ಆಯ್ತು ಗೊತ್ತಾ!

ಆ ಬೈಕ್ ಬಿಟ್ಟೆ. ಮುಂದೆ ಬೇರೆಯದು ಕೊಂಡಾಗ ನೀವು ಬರೆದುಕೊಟ್ಟ ಚೀಟಿಯೇ ಕೈಯಲ್ಲಿತ್ತು: ಬೈಕ್ ನನ್ನ ಹೆಸರಿಗೆ ಮಾಡಿಸಲು ಫಾರಂ 29, ಫಾರಂ 30, ಇನ್ಶೂರೆನ್ಸ್, ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, ಅಂದ್ರೆ ಆಕ್ಷೇಪ ಇಲ್ಲ ಎನ್ನುವ ಪತ್ರ. ಅವತ್ತು ದುಡ್ಡು ಕೊಟ್ಟರೆ ನೀವು ತಗೊಳ್ಳಲಿಲ್ಲ. ಹೆಸರು ಕೇಳುವಷ್ಟರಲ್ಲಿ ಗಿರಾಕಿ ಬಂದರು. ತುಂಬಾ ಥ್ಯಾಂಕ್ಸ್ ಅಣ್ಣಾ.