ಸ್ಪ್ಯಾನರ್‌ಗೆ ಅಡ್ಡಿಯಿಲ್ಲ, ಗ್ರೈಂಡರ್ ಬೇಡ

ಮಾನ್ಯ ಸಂಪಾದಕರೇ,

ಕೆಲವೇ ನೂರು ತಯಾರಾದ ಕಾರನ್ನು ಮಾರ್ಪಡಿಸಬಹುದೇ, ಇದ್ದ ಹಾಗೇ ಉಳಿಸಬೇಕೇ ಎಂಬ ವಾದದಲ್ಲಿ ಎರಡೂ ಕಡೆಯವರು ಗಂಟಲು ಹರಿದುಕೊಳ್ಳುತ್ತಾರೆ. ‘ದುಡ್ಡು ಕೊಟ್ಟವನ ಕಾರು, ಅವನಿಷ್ಟ’ ಎಂದು ಒಂದು ಪಕ್ಷ. ‘ಒಂದು ಬೋಲ್ಟ್ ಬದಲಾದರೂ ಚರಿತ್ರೆಗೆ ಅಪಚಾರ’ ಎಂದು ಇನ್ನೊಂದು. ಯಾವ ಭಾಗ, ಯಾವ ಉಪಕರಣ, ಮತ್ತೆ ಮೊದಲಿನಂತೆ ಮಾಡಲು ಬರುತ್ತದೆಯೇ ಎಂದು ಕೇಳದೆ ಯಾರ ಪರವೂ ತೀರ್ಪು ಕೊಡಲಾಗದು. ಸ್ಪ್ಯಾನರ್‌ನಿಂದ ಬಿಚ್ಚಿ ಮತ್ತೆ ಕೂರಿಸಬಹುದಾದ್ದನ್ನು ಬದಲಿಸಲಿ. ಗ್ರೈಂಡರ್, ಡ್ರಿಲ್, ವೆಲ್ಡಿಂಗ್, ಲೇತ್ ಬೇಡುವ ಕೆಲಸಕ್ಕೆ ಮಾತ್ರ ಕೈ ಹಾಕಬಾರದು. ಈ ಮಾತು ಕಾರನ್ನು ‘ಹೊಸದರಂತೆ’ ಮಾಡಿಸಲು ಹೊರಟವರಿಗೂ ಅಷ್ಟೇ ಅನ್ವಯಿಸುತ್ತದೆ. ಹಾಗೆ ನೋಡಿದರೆ ಹೆಚ್ಚು ಹಾನಿ ಮಾಡಿರುವವರು ಅವರೇ.

ಇಂಥ ಕಾರುಗಳು ಹುಟ್ಟಿದ್ದು ಹೆಚ್ಚಾಗಿ ಸ್ಪರ್ಧೆಯ ನಿಯಮಗಳಿಂದ. ಒಂದು ಮಾದರಿಯನ್ನು ರೇಸಿಗೋ ರ‍್ಯಾಲಿಗೋ ಇಳಿಸಬೇಕಾದರೆ ಅಂಥವು ಇಂತಿಷ್ಟು ತಯಾರಾಗಿರಬೇಕು ಎಂಬ ಷರತ್ತು ಇತ್ತು. 1980ರ ದಶಕದಲ್ಲಿ ಗ್ರೂಪ್ ಬಿ ಎಂಬ ದರ್ಜೆಯ ರ‍್ಯಾಲಿಗೆ 200 ಸಾಕಿತ್ತು; ಫೋರ್ಡ್ ಆರ್‌ಎಸ್200ರ ಹೆಸರಿನಲ್ಲೇ ಆ ಸಂಖ್ಯೆ ಇದೆ. ಪೋರ್ಶೆ 911 ಕರೇರಾ ಆರ್‌ಎಸ್ 2.7ನ್ನು 1973ರ ಹೊತ್ತಿಗೆ 500 ಮಾಡಿದರೆ ನಿಯಮಕ್ಕೆ ಸಾಕಾಗುತ್ತಿತ್ತು, ಬೇಡಿಕೆ ಬಂದು 1,580 ಆಯಿತು. ಮರ್ಸಿಡಿಸ್ 190ಇ 2.5-16 ಎವಲ್ಯೂಶನ್-2 ತಯಾರಾದದ್ದು 1990ರಲ್ಲಿ, 502 ಮಾತ್ರ. ಅದೇ 190 ಸರಣಿಯ ಸಾಮಾನ್ಯ ಕಾರುಗಳು 18 ಲಕ್ಷಕ್ಕೂ ಹೆಚ್ಚು. ಇಂಥ ಕಾರನ್ನು ಕೊಯ್ದು ಏನಾದರೂ ಮಾಡಲೇಬೇಕೆಂಬ ಹುಮ್ಮಸ್ಸಿದ್ದವರಿಗೆ ಆ 18 ಲಕ್ಷದಲ್ಲಿ ಒಂದು ಸಿಗುವುದಿಲ್ಲವೇ?

ಅಪರೂಪದ ಕಾರಿನ ವಿಶೇಷ ಬರೀ ಹೆಸರುಪಟ್ಟಿಯಲ್ಲಿ ಇರುವುದಿಲ್ಲ. ಕರೇರಾ ಆರ್‌ಎಸ್‌ನ ಹೊರಮೈಯ ಉಕ್ಕಿನ ತಗಡು ಮಾಮೂಲಿ 911ರದ್ದಕ್ಕಿಂತ ತೆಳು, ಗಾಜೂ ತೆಳು. ತೂಕ ಇಳಿಸಲು ಹಾಗೆ ಮಾಡಿದ್ದು. ಮಾಮೂಲಿ 911ಕ್ಕೆ ಬಾತುಕೋಳಿ ಬಾಲದಂಥ ಸ್ಪಾಯ್ಲರ್ ಕೂರಿಸಿ, ಪಕ್ಕಕ್ಕೆ ‘ಕರೇರಾ’ ಎಂದು ಬರೆಸಿದ ನಕಲುಗಳು ಲೆಕ್ಕವಿಲ್ಲದಷ್ಟಿವೆ. ಅಸಲಿ ಯಾವುದೆಂದು ಹೇಳುವ ಸಾಕ್ಷಿಗಳಲ್ಲಿ ಆ ತೆಳು ತಗಡೂ ಒಂದು. ತುಕ್ಕು ಹಿಡಿದಿದೆಯೆಂದು ಇಡೀ ಪ್ಯಾನೆಲ್ ಕಿತ್ತು ದಪ್ಪ ತಗಡಿನದ್ದು ಬೆಸೆದರೆ ಕಾರು ಹೊಳೆಯುತ್ತದೆ, ಸಾಕ್ಷಿ ಮಾತ್ರ ಗುಜರಿಗೆ ಹೋಗುತ್ತದೆ. ಬೆಸೆಯದೆ ಗತಿಯಿಲ್ಲದಿದ್ದರೆ ಕೊಳೆತಷ್ಟನ್ನೇ ಕತ್ತರಿಸಿ, ಅದೇ ದಪ್ಪದ ತಗಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು; ಅದು ನಿಧಾನದ ಕೆಲಸ. ತೆಳು ತಗಡು ಬಿಸಿಗೆ ಸೊಟ್ಟಗಾಗುತ್ತದೆ. ಹಾಗಾಗಿ ಒಂದೇ ಎಳೆಯಲ್ಲಿ ಬೆಸೆಯದೆ, ದೂರದೂರಕ್ಕೆ ಚುಕ್ಕಿ ಹಾಕುತ್ತಾ, ಪ್ರತಿ ಚುಕ್ಕಿಯೂ ಆರಿದ ಮೇಲೆ ಮುಂದಿನದಕ್ಕೆ ಹೋಗಬೇಕು.

ಬಣ್ಣದ ವಿಚಾರದಲ್ಲಂತೂ ಅನಾಹುತ ದಿನವೂ ನಡೆಯುತ್ತಿದೆ. ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಇರುತ್ತದೆ. ಬಣ್ಣದ ದಪ್ಪ ಅಳೆಯುವ ಗೇಜ್ 250-300 ತೋರಿಸಿದರೆ ಮೇಲೆ ಇನ್ನೊಂದು ಸಲ ಬಣ್ಣ ಬಿದ್ದಿದೆ; 1,000 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. (ಬರೀ ಅಯಸ್ಕಾಂತದ ಗೇಜ್ ಅಲ್ಯೂಮಿನಿಯಂ ಮೇಲೆ ಕೆಲಸ ಮಾಡದು, ಫೈಬರ್ ಮೇಲಂತೂ ಸುಮ್ಮನೆ ಕೂರುತ್ತದೆ. ಅದನ್ನು ಹಿಡಿದು ಸ್ಪೋರ್ಟ್ಸ್ ಕಾರಿನ ಸುತ್ತ ಗಂಭೀರವಾಗಿ ಸುತ್ತುವವರನ್ನು ಕಂಡರೆ ನಗು ಬರುತ್ತದೆ.) ಮೂಲ ಬಣ್ಣ ಮಾಸಿದ್ದರೂ, ಅಲ್ಲಲ್ಲಿ ಕಲ್ಲೇಟು ಬಿದ್ದಿದ್ದರೂ ಅದನ್ನು ಕೆರೆಯಬೇಡಿ. ಪಾಲಿಶ್ ಮಾಡಿದಾಗಲೂ ಒಂದೆರಡು ಮೈಕ್ರಾನ್ ಹೋಗುತ್ತದೆ, ಒರಟು ಪ್ಯಾಡ್ ಹಾಕಿದರೆ ಇನ್ನೂ ಹೆಚ್ಚು. ಅಂಚುಗಳಲ್ಲಿ ಬಣ್ಣ ಮೊದಲೇ ತೆಳುವಾಗಿರುತ್ತದೆ, ಅಲ್ಲಿ ಯಂತ್ರ ತಾಗಿಸಲೇಬಾರದು. ಫೆರಾರಿ ಎಫ್40 ತಯಾರಾದದ್ದು 1987ರಿಂದ 1992ರವರೆಗೆ, 1,300ರ ಆಸುಪಾಸು. ಅದರ ಕಾರ್ಬನ್ ಮತ್ತು ಕೆವ್ಲಾರ್ ಮೈಮೇಲೆ ಬಣ್ಣ ಎಷ್ಟು ತೆಳುವೆಂದರೆ ಅಡಿಯ ನೇಯ್ಗೆ ಕಣ್ಣಿಗೆ ಕಾಣುತ್ತದೆ. ಅದನ್ನೇ ದೋಷವೆಂದು ಭಾವಿಸಿ ದಪ್ಪ ಬಣ್ಣ ಹೊಡೆಸಿ ಕನ್ನಡಿ ಮಾಡಿದ ಕಾರು ಕಾರ್ಖಾನೆಯಿಂದ ಹೊರಬಿದ್ದ ಕಾರಲ್ಲ.

ಇನ್ನು ಮಾರ್ಪಾಡಿಗೆ ಬರೋಣ. ಹೆಚ್ಚಿನವರು ಶುರು ಮಾಡುವುದು ಚಕ್ರದಿಂದ. ಅಗಲದ ರಿಮ್ ತಂದು, ಟೈರ್ ತಾಗುತ್ತದೆಂದು ಮಡ್‌ಗಾರ್ಡಿನ ಒಳಅಂಚನ್ನು ಬಡಿದು ಮಡಚುತ್ತಾರೆ. ಹಲವು ಕಾರುಗಳಲ್ಲಿ ಹೊರತಗಡು ಮತ್ತು ಒಳಕಮಾನು ಸ್ಪಾಟ್ ವೆಲ್ಡ್‌ನಿಂದ ಸೇರುವುದು ಆ ಅಂಚಿನಲ್ಲೇ, ನಡುವೆ ಸೀಲರ್ ತುಂಬಿರುತ್ತದೆ. ಮಡಚಿದಾಗ ಸೀಲರ್ ಬಿರಿಯುತ್ತದೆ, ಬಣ್ಣ ಕೂದಲೆಳೆಯಷ್ಟು ಸೀಳುತ್ತದೆ, ನೀರು ಒಳಗೆ ನಿಲ್ಲುತ್ತದೆ. ತುಕ್ಕು ಹೊರಗೆ ಕಾಣುವ ಹೊತ್ತಿಗೆ ಒಳಗಿನದು ಪುಡಿಯಾಗಿರುತ್ತದೆ. ರಿಮ್ ಕೊಳ್ಳುವ ಮೊದಲೇ ಅಳೆಯಬೇಕು. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ತೆಗೆಯಿರಿ. ಅದಿಲ್ಲದೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ಬಿಚ್ಚಿದರೆ ಜೀವಕ್ಕೇ ಅಪಾಯ. ಪರೀಕ್ಷೆಗೆ ಆ ಅಳತೆಯ ರಿಮ್, ಟೈರ್ ತೊಡಿಸಿ, ಚಕ್ರ ಕೂರುವ ಹಬ್ ಅನ್ನು ಜ್ಯಾಕಿನಿಂದ ಪೂರ್ತಿ ಮೇಲಿನವರೆಗೆ ಎತ್ತಿ, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಟೈರಿಗೂ ಅಂಚಿಗೂ ನಡುವೆ ಮಕ್ಕಳಾಡುವ ಮೆದುಜೇಡಿಯ ಉಂಡೆ ಇಟ್ಟು ನೋಡಿ. ಒತ್ತಿದ ಮೇಲೆ ಉಂಡೆ 6 ಮಿ.ಮೀ.ಗಿಂತ ತೆಳುವಾದರೆ ಆ ರಿಮ್ ಆ ಕಾರಿಗಲ್ಲ.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬದಲಿಸುವುದರಲ್ಲಿ ತಪ್ಪೇನಿಲ್ಲ, ನಾಲ್ಕಾರು ಬೋಲ್ಟಿನ ಕೆಲಸ. ತಪ್ಪಾಗುವುದು ಮೂಲ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿದಾಗ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ, ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರದು, ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಹಾರಲೂಬಹುದು. ಸಾಲದ್ದಕ್ಕೆ, ಹಿಂದಿರುಗಲು ದಾರಿಯೂ ಉಳಿಯಲಿಲ್ಲ. ತೆಗೆದಿಟ್ಟ ಶಾಕ್ ಅಬ್ಸಾರ್ಬರ್‌ಗಳನ್ನು ನೆಟ್ಟಗೆ ನಿಲ್ಲಿಸಿ, ರಾಡ್ ಮೇಲೆ ತೆಳು ಎಣ್ಣೆ ಸವರಿ, ತೇವ ಹೀರುವ ಪೊಟ್ಟಣದ ಜೊತೆ ಚೀಲದಲ್ಲಿಡಿ. ಎಡ, ಬಲ, ಮುಂದೆ, ಹಿಂದೆ ಎಂದು ಚೀಟಿ ಕಟ್ಟಿ.

ವಯರಿಂಗ್ ಕತ್ತರಿಸಿದವರನ್ನು ಕ್ಷಮಿಸುವುದು ಕಷ್ಟ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಬದಲಿಸಬೇಕಾದರೆ ಮೂಲ ಪ್ಲಗ್ಗಿಗೆ ಹೊಂದುವ ಪ್ಲಗ್ ತಂದು ನಡುವೆ ಒಂದು ಸೇತುವೆಯ ವಯರಿಂಗ್ ಕಟ್ಟಿ; ಬೇಡವಾದ ದಿನ ಎರಡು ಪ್ಲಗ್ ಕಿತ್ತರೆ ಮುಗಿಯಿತು. ಕೆಲವು ಮಾರ್ಪಾಡು ಕಾರನ್ನು ಕಾಪಾಡುವುದೂ ಉಂಟು. ಎಷ್ಟೋ ಹಳೆ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೇ ಹಾಯುತ್ತದೆ. 55 ವ್ಯಾಟಿನ ಎರಡು ಬಲ್ಬ್ ಎಂದರೆ 12 ವೋಲ್ಟಿನಲ್ಲಿ 9 ಆಂಪಿಯರ್. ಆ ಬಿಸಿಗೆ ಸವೆದ ಸ್ವಿಚ್ ಕರಗಿದರೆ ಅಂಥದ್ದು ಮತ್ತೆ ಸಿಗದು. ಬ್ಯಾಟರಿ ಪಕ್ಕ ಫ್ಯೂಸ್ ಇಟ್ಟು ರಿಲೇ ಹಾಕಿದರೆ ಸ್ವಿಚ್ಚಿಗೆ ಬೀಳುವುದು ರಿಲೇಯ ಸಣ್ಣ ಕರೆಂಟ್ ಮಾತ್ರ, ಬೆಳಕೂ ಹೆಚ್ಚುತ್ತದೆ. ರಿಲೇ ಕೂರಿಸಲು ತೂತು ಕೊರೆಯಬೇಡಿ. ಈಗಿರುವ ಯಾವುದೋ ಬೋಲ್ಟಿಗೆ ಪಟ್ಟಿ ಸಿಕ್ಕಿಸಿದರಾಯಿತು.

ಎಂಜಿನ್ ಶಕ್ತಿ ಹೆಚ್ಚಿಸುವ ಆಸೆ ಇದ್ದವರಿಗೆ ಒಂದೇ ಸಲಹೆ: ಕಾರ್ಖಾನೆಯಲ್ಲಿ ನಂಬರ್ ಒತ್ತಿ ಆ ಕಾರಿನ ಜೊತೆಗೇ ಬಂದ ಎಂಜಿನ್ ಮೇಲೆ ಪ್ರಯೋಗ ಬೇಡ. ಟರ್ಬೊ ಒತ್ತಡ ಏರಿಸಿದಾಗ ಇಂಧನ ಸಾಲದೆ ಹೋದರೆ ಅಥವಾ ಇಗ್ನಿಶನ್ ತುಸು ಮುಂದಾದರೆ ಮಿಶ್ರಣ ತಾನಾಗಿ ಸಿಡಿಯುತ್ತದೆ, ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುತ್ತದೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆ ತೂತು ಮಾಡಿದರೆ ನಂಬರ್ ಸಮೇತ ಎಂಜಿನ್ ಹೋಯಿತು. ಅದೇ ಕುಟುಂಬದ ಸಾಮಾನ್ಯ ಬ್ಲಾಕ್ ಹುಡುಕಿ ಅದನ್ನು ಕಟ್ಟಿಸಿ, ಅಸಲಿಯನ್ನು ಇಳಿಸಿ ಸ್ಟ್ಯಾಂಡ್ ಮೇಲೆ ಇಡಿ. ಇಡುವ ಮೊದಲು ಹೊಸ ಆಯಿಲ್ ಹಾಕಿ ಬಿಸಿಯಾಗುವಷ್ಟು ಓಡಿಸಿ, ಕೂಲೆಂಟ್ ಪೂರ್ತಿ ಬಸಿದು, ಪ್ಲಗ್ ತೂತುಗಳಿಂದ ಪ್ರತಿ ಸಿಲಿಂಡರಿಗೂ ಸಂರಕ್ಷಕ ಎಣ್ಣೆ ಸಿಂಪಡಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಗಾಳಿ ಮತ್ತು ಹೊಗೆಯ ದಾರಿಗಳಿಗೆ ತಗಡು ಬಿಗಿಯಿರಿ.

ರಿಪೇರಿಯಲ್ಲೂ ನಂಬರ್ ಅಳಿಯುವುದುಂಟು. ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿನಲ್ಲಿ ನಂಬರ್ ಒತ್ತಿರುವುದು ಹೆಡ್ ಕೂರುವ ಸಮತಟ್ಟಿನ ಮುಂದುವರಿಕೆಯಲ್ಲೇ. ಹೆಡ್ ಗ್ಯಾಸ್ಕೆಟ್ ಸೋರುತ್ತದೆಂದು ಬ್ಲಾಕಿನ ಮೇಲ್ಮೈ ಮಿಷಿನಿಂಗ್ ಮಾಡಿಸಿದರೆ ನಂಬರೂ ಜೊತೆಗೆ ಹೋಗುತ್ತದೆ. ಬ್ಲಾಕ್ ವರ್ಕ್‌ಶಾಪಿಗೆ ಕೊಡುವ ಮುನ್ನ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಫೋಟೊ ತೆಗೆಯಿರಿ, ಆ ಜಾಗ ಬಿಟ್ಟು ಕೆತ್ತಬೇಕೆಂದು ಬರೆದೇ ಕೊಡಿ. ಬಾಯಿಮಾತು ಸಾಲದು.

ಕೊರೆಯಲೇಬೇಕಾದ ಅಪವಾದ ಒಂದಿದೆ. ಎರಕದ ಕಬ್ಬಿಣದ ಹೆಡ್ ಇರುವ ಕೆಲವು ಹಳೆ ಎಂಜಿನ್‌ಗಳಲ್ಲಿ ವಾಲ್ವ್ ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿದ್ದದ್ದು ಪೆಟ್ರೋಲಿನಲ್ಲಿದ್ದ ಸೀಸ. ಸೀಸರಹಿತ ಪೆಟ್ರೋಲಿನಲ್ಲಿ ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತಾ ಹೋಗುತ್ತದೆ. ಗಟ್ಟಿ ಲೋಹದ ಸೀಟ್ ಹಾಕಿಸಲು ಹೆಡ್ ಕೊರೆಯಬೇಕು. ಹಾಗೆಂದು ಮುಂಗಡವಾಗಿ ಕೊರೆಸಬೇಡಿ. ವಾಲ್ವ್ ಇಳಿದಂತೆ ಅದರ ಕ್ಲಿಯರೆನ್ಸ್ ಕಡಿಮೆಯಾಗುತ್ತದೆ, 2,000 ಕಿ.ಮೀ.ಗೊಮ್ಮೆ ಸಂದು ಅಳೆಯುವ ಫೀಲರ್ ಗೇಜ್‌ನಿಂದ ಅಳೆದು ಬರೆದಿಡಿ. ಅಂಕಿ ಬದಲಾಗದಿದ್ದರೆ ಹೆಡ್ ಬಿಚ್ಚುವ ಕಾರಣವೇ ಇಲ್ಲ. ಅಲ್ಯೂಮಿನಿಯಂ ಹೆಡ್ಡಿಗೆ ಈ ಚಿಂತೆ ಸಾಮಾನ್ಯವಾಗಿ ಇರದು, ಅದರಲ್ಲಿ ಬೇರೆ ಲೋಹದ ಸೀಟ್ ಮೊದಲೇ ಇರುತ್ತದೆ.

ಪೆಟ್ರೋಲ್ ಹೋಸ್ ಪೈಪ್‌ಗೆ ‘ಮೂಲದ್ದೇ ಇರಲಿ’ ಎಂಬ ಹಟ ಬೇಡ. ಹಳೆ ರಬ್ಬರ್ ಎಥನಾಲ್ ಬೆರೆತ ಪೆಟ್ರೋಲಿಗೆ ಉಬ್ಬಿ, ಒಣಗಿ, ಸೀಳುತ್ತದೆ. ಕೆಳಗೇ ಬಿಸಿ ಎಕ್ಸಾಸ್ಟ್ ಇದ್ದರೆ ಬೆಂಕಿಗೆ ಇನ್ನೇನೂ ಬೇಕಿಲ್ಲ. ಕಾರ್ಬ್ಯುರೇಟರ್ ಕಾರಿನ ಪೆಟ್ರೋಲ್ ಒತ್ತಡ ಸುಮಾರು 0.3 ಬಾರ್, ಇಂಜೆಕ್ಷನ್ ಕಾರಿನದು ಹಲವು ಪಟ್ಟು ಹೆಚ್ಚು. ಕಾರ್ಬ್ಯುರೇಟರ್ ಕಾರಿನ ಪೈಪನ್ನು ಇಂಜೆಕ್ಷನ್ ಕಾರಿಗೆ ಹಾಕಿದರೆ ಸಿಡಿಯಬಹುದು. ಟೈರೂ ಹಾಗೆಯೇ. ಪಕ್ಕದ ಗೋಡೆಯ ನಾಲ್ಕಂಕಿ ನೋಡಿ: 2319 ಎಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಟೈರಿನ ಮೈಮೇಲಿನ ತೋಡು (ಟ್ರೆಡ್) ಎಷ್ಟೇ ಆಳವಿದ್ದರೂ ಪ್ರದರ್ಶನದ ಕಟ್ಟೆಯ ಮೇಲೆ ಬಿಟ್ಟು ಬೇರೆಲ್ಲೂ ಅದಕ್ಕೆ ಜಾಗವಿಲ್ಲ. ಮಿಶೆಲಿನ್ ಕಂಪನಿಯ ಟಿಆರ್‌ಎಕ್ಸ್ ಎಂಬ ಟೈರಿನ ರಿಮ್‌ಗಳ ಅಳತೆ ಮಿಲಿಮೀಟರಿನಲ್ಲಿ. ಇಂಚಿನ ಟೈರ್ ಅದರ ಮೇಲೆ ಕೂರಿಸಲೇಬಾರದು. ಮೆಗ್ನೀಸಿಯಂ ಚಕ್ರಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಿರುಕು ಬಿಡುತ್ತವೆ, ಬಿರುಕು ತೋರಿಸುವ ಬಣ್ಣದ ದ್ರವ ಹಾಕಿ ಪರೀಕ್ಷಿಸದೆ ರಸ್ತೆಗಿಳಿಸಬೇಡಿ. ಅವನ್ನು ಎತ್ತಿಟ್ಟು ಅದೇ ನಮೂನೆಯ ಅಲ್ಯೂಮಿನಿಯಂ ಚಕ್ರದಲ್ಲಿ ಓಡಿಸುವುದು ವಿವೇಕ.

ಮಿನುಗಲೆಂದು ಎಲ್ಲ ಬೋಲ್ಟನ್ನೂ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸುವವರಿದ್ದಾರೆ. ಸಾಮಾನ್ಯ ಎ2-70 ಸ್ಟೇನ್‌ಲೆಸ್ ಬೋಲ್ಟ್ ತಾಳುವುದು 700 ಮೆಗಾಪಾಸ್ಕಲ್, ಸಸ್ಪೆನ್ಶನ್ನಿನಲ್ಲಿದ್ದ 10.9 ದರ್ಜೆಯದು 1,000. ತಲೆಯ ಮೇಲಿನ ಅಂಕಿ ಓದದೆ ಬದಲಿಸಿದವರು ತಮ್ಮ ಕಾರನ್ನು ಚೆಂದವಾಗಿ ದುರ್ಬಲಗೊಳಿಸಿರುತ್ತಾರೆ.

ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದೂ ಹೆಚ್ಚುಕಡಿಮೆ ಇದೇ ದಾರಿಯದು: ಈಗ ಮಾಡಲೇಬೇಕಾದ ಬದಲಾವಣೆ ಮೂಲರೂಪಕ್ಕೆ ಧಕ್ಕೆ ತರಬಾರದು, ಸಾಧ್ಯವಾದಷ್ಟು ಹಿಂದಕ್ಕೆ ತರುವಂತಿರಬೇಕು, ತೆಗೆದ ಮುಖ್ಯ ಭಾಗಗಳು ವಾಹನದ ಜೊತೆಗೇ ಉಳಿಯಬೇಕು. ತನ್ನ ಕಾಲದಲ್ಲೇ ರ‍್ಯಾಲಿಗೆಂದು ಒಳಗೆ ಕೊಳವೆಗಳ ರಕ್ಷಣಾ ಪಂಜರ ಬೆಸೆಸಿಕೊಂಡ ಕಾರಿಗೆ ಆ ಪಂಜರವೇ ಚರಿತ್ರೆ; ಅದನ್ನು ಕೊಯ್ದು ಶೋರೂಮ್ ರೂಪಕ್ಕೆ ತರುವುದು ಇನ್ನೊಂದು ಬಗೆಯ ವಿಧ್ವಂಸ. ಎಂಜಿನ್ ಬೇರೆಯಾಗಿ, ಮೈ ಎಲ್ಲೆಲ್ಲೋ ಕೊಯ್ದುಹೋಗಿ, ಕಾಗದಪತ್ರವೂ ಇಲ್ಲದ ಕಾರು ಸಿಕ್ಕರೆ ಮಾತ್ರ ಮಾಲೀಕರಿಗೆ ಪೂರ್ತಿ ಸ್ವಾತಂತ್ರ್ಯ. ಅಲ್ಲಿ ನಮ್ಮದೇನೂ ತಕರಾರಿಲ್ಲ.

ಬಿಚ್ಚಿದ್ದನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು, ತಾರೀಖು, ಓಡಿದ ಕಿಲೋಮೀಟರ್, ಯಾವ ಬದಿಯದು ಎಂದು ಚೀಟಿ ಕಟ್ಟುವವರೇನೋ ಇದ್ದಾರೆ. ಎಡವುವುದು ಮಾರಾಟದ ದಿನ. ಕಾರು ಒಂದು ಊರಿಗೆ, ಪೆಟ್ಟಿಗೆ ಇನ್ನೊಂದು ಅಟ್ಟಕ್ಕೆ ಸೇರುತ್ತದೆ. ಎವಲ್ಯೂಶನ್-2ರಂಥ ಕಾರಿನ ಮೂಲ ಚಕ್ರ, ಸ್ಟಿಯರಿಂಗ್, ಸೈಲೆನ್ಸರ್ ಆಮೇಲೆ ಹುಡುಕಲು ಹೋದರೆ 502 ಮನೆಗಳ ಬಾಗಿಲಷ್ಟೇ ಇರುವುದು. ಕೊಳ್ಳುವವರು ಬಾನೆಟ್ ಎತ್ತುವ ಮೊದಲು ಆ ಪೆಟ್ಟಿಗೆ ತರಿಸಿ ನೋಡಲಿ. ‘ಸ್ನೇಹಿತರ ಗೋದಾಮಿನಲ್ಲಿದೆ, ಆಮೇಲೆ ಕಳಿಸುತ್ತೇನೆ’ ಎಂದರೆ, ಅದು ಬಂದ ಮೇಲೆಯೇ ಮುಂಗಡ ಕೊಡಲಿ.

ಇಂತಿ,
ಹಳೆ ಕಾರುಗಳ ಕೆಲಸ ಬಲ್ಲ ಓದುಗರು