ಸ್ಮಾರಕಗಳೊಳಗೆ ಗೇಣುದ್ದದ ಟ್ರೈಪಾಡ್‌ಗೆ ನೆಲದ ಮೇಲೆ ಜಾಗ ಸಿಗಲಿ

ಮಾನ್ಯ ಸಂಪಾದಕರೇ,

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈ ದೇವಾಲಯಗಳ ಚಿತ್ರಗಳೆಂದು ನಮ್ಮ ಕಣ್ಣಿಗೆ ಬೀಳುವವು ಇಂದಿಗೂ ಬಹುಮಟ್ಟಿಗೆ ಹೊರಗೋಡೆಯವೇ. ನವರಂಗದೊಳಗಿನ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದೊಳಗಿನ) ಭುವನೇಶ್ವರಿಗಳು ಎಂಬ ಕೆತ್ತನೆಯ ಒಳಛಾವಣಿಗಳು, ತಿರುಗಿಸಿ ಕಡೆದಂತೆ ದುಂಡಗಿರುವ ತಿರುಗಣೆ ಕಂಬಗಳು, ದ್ವಾರದ ಮೇಲಿನ ಸೂಕ್ಷ್ಮ ಕೆತ್ತನೆಗಳು ಸಾಮಾನ್ಯ ಪ್ರವಾಸಿಯ ಕ್ಯಾಮೆರಾದಲ್ಲಿ ಮಸುಕಾಗಿಯೋ ಕಾಳುಕಾಳಾಗಿಯೋ ಮೂಡಿ, ಮನೆಗೆ ಹೋದ ಮೇಲೆ ಅಳಿಸಿಹೋಗುತ್ತವೆ. ಇದಕ್ಕೆ ನೂರು ಗ್ರಾಂ ಕೂಡ ತೂಗದ, ಜೇಬಿನಲ್ಲಿ ಹಿಡಿಯುವ ಒಂದು ಪರಿಹಾರ ಅಂಗಡಿಗಳಲ್ಲಿ ಸಿಗುತ್ತದೆ. ಕಾಲುಗಳನ್ನು ಬೇಕಾದಂತೆ ಬಾಗಿಸಬಹುದಾದ ಆ ಪುಟ್ಟ ಟ್ರೈಪಾಡನ್ನು ಮದುವೆ ಮನೆಗಳಲ್ಲಿ ಕಾಣುವ ದೊಡ್ಡ ಸ್ಟ್ಯಾಂಡುಗಳ ಸಾಲಿನಿಂದ ಬೇರ್ಪಡಿಸಿ, ಸಂರಕ್ಷಿತ ಸ್ಮಾರಕಗಳ ನೆಲದ ಮೇಲೆ ಇಡಲು ಅವಕಾಶ ಕೊಡಬೇಕೆಂದು ಕೋರುವುದಕ್ಕಾಗಿ ಈ ಪತ್ರ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದಾಗ ಅದರ ನವರಂಗ ತೆರೆದ ಮಂಟಪವಾಗಿತ್ತು. ಮುಂದೆ ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಜಾಲಂಧ್ರಗಳನ್ನು, ಅಂದರೆ ರಂಧ್ರಗಳಿರುವ ಕಲ್ಲಿನ ಜಾಲರಿಗಳನ್ನು ಕೂರಿಸಿದ್ದರಿಂದ ಒಳಗಿನ ಬೆಳಕು ಕಡಿಮೆಯಾಯಿತು. ಆ ಮಬ್ಬು ಬೆಳಕಿಗೆ ಒಂದು ಚೆಲುವಿದೆ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕೊಟ್ಟರೆ ಎಲ್ಲವೂ ಕಾಣುತ್ತದೆ. ಆದರೆ ಕ್ಯಾಮೆರಾದ ಕಣ್ಣು ಹಾಗೆ ಹೊಂದಿಕೊಳ್ಳುವುದಿಲ್ಲ. ಸಾಧಾರಣ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಬೆಳಕನ್ನು ಗ್ರಹಿಸುವ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ ಇರುತ್ತದೆ, ಅಂದರೆ ಹಳೆಯ 35 ಮಿಲಿಮೀಟರ್ ಫಿಲ್ಮಿನ ಒಂದು ಚೌಕಟ್ಟಿನ ಸುಮಾರು ಮೂವತ್ತರಲ್ಲಿ ಒಂದು ಪಾಲು. ಇಷ್ಟು ಸಣ್ಣ ಜಾಗದಲ್ಲಿ ಕಡಿಮೆ ಬೆಳಕನ್ನು ಹಿಗ್ಗಿಸಲು ಹೊರಟಾಗ ಚಿತ್ರದಲ್ಲಿ ಕಾಳುಗಳು ಏಳುವುದು ಸಹಜ. ಕೈಯಲ್ಲಿ ಹಿಡಿದು ಸೆಕೆಂಡಿನ ಮೂವತ್ತರ ಒಂದು ಭಾಗದಲ್ಲಿ ತೆಗೆಯಲು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ; ಇದು ಹೆಚ್ಚಿದಷ್ಟೂ ಕಾಳುಗಳು ಹೆಚ್ಚು) 3200 ಬೇಕಾಗುವಲ್ಲಿ, ಕ್ಯಾಮೆರಾ ಅಲುಗದೆ ನಿಂತರೆ ಅದೇ ದೃಶ್ಯವನ್ನು ಐಎಸ್‌ಒ 100ರಲ್ಲಿ ಸುಮಾರು ಒಂದು ಸೆಕೆಂಡಿನಲ್ಲಿ ತೆಗೆಯಬಹುದು. ಒಂದು ಸೆಕೆಂಡು ಯಾರ ಕೈಯೂ ಕದಲದೆ ನಿಲ್ಲುವುದಿಲ್ಲ. ಜೂಮ್ ಮಾಡಿದಾಗಲಂತೂ ಅತಿ ಸಣ್ಣ ನಡುಕವೂ ದೊಡ್ಡದಾಗಿ ದಾಖಲಾಗುತ್ತದೆ. ಹೊಸ ಕ್ಯಾಮೆರಾಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆ ನಿಜ, ಆದರೆ ಅದರ ಶಕ್ತಿಗೂ ಮಿತಿಯಿದೆ.

ಹಾಗಾದರೆ ಫ್ಲ್ಯಾಶ್ ಬಳಸಬಾರದೇ ಎಂದು ಕೇಳುವವರುಂಟು. ಕಾಂಪ್ಯಾಕ್ಟ್ ಕ್ಯಾಮೆರಾದ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲಿಯೇ ಇರುವುದರಿಂದ ಬೆಳಕು ಕೆತ್ತನೆಯ ಮೇಲೆ ನೇರವಾಗಿ ಬಿದ್ದು, ನೆರಳುಗಳೆಲ್ಲ ಶಿಲ್ಪದ ಹಿಂದೆ ಅಡಗಿಬಿಡುತ್ತವೆ. ಕೆತ್ತನೆಯ ಆಳ ನಮಗೆ ತಿಳಿಯುವುದೇ ನೆರಳಿನಿಂದ. ಬೆರಳಿನಷ್ಟು ಆಳಕ್ಕೆ ಕೊರೆದ ಬಳ್ಳಿಯೂ ಫ್ಲ್ಯಾಶ್ ಬೆಳಕಿನಲ್ಲಿ ಗೋಡೆಗೆ ಅಂಟಿಸಿದ ಕಾಗದದ ಚಿತ್ರದಂತೆ ಕಾಣುತ್ತದೆ. ಎಣ್ಣೆ, ಹೊಗೆ ಮತ್ತು ಜನರ ಸ್ಪರ್ಶದಿಂದ ಹೊಳಪೇರಿದ ಕಪ್ಪು ಕಂಬವಾದರೆ ನಟ್ಟನಡುವೆ ಒಂದು ಬಿಳಿಯ ಮಚ್ಚೆ ಮಾತ್ರ ಉಳಿಯುತ್ತದೆ. ಜೊತೆಗೆ, ದೇವರ ಮುಂದೆ ಕಣ್ಣುಮುಚ್ಚಿ ನಿಂತವರ ಮುಖಕ್ಕೆ ಬೆಳಕು ಹೊಡೆಯುವುದು ಸಭ್ಯತೆಯೂ ಅಲ್ಲ.

ಬಾಗುವ ಕಾಲುಗಳ ಈ ಟ್ರೈಪಾಡ್ ಜನಪ್ರಿಯವಾದದ್ದು 2006ರಲ್ಲಿ ಜೋಬಿ ಕಂಪನಿಯ ಗೊರಿಲ್ಲಾಪಾಡ್ ಮಾರುಕಟ್ಟೆಗೆ ಬಂದ ಮೇಲೆ. ಗುಂಡು ಮತ್ತು ಬಟ್ಟಲಿನ ಆಕಾರದ ಸಣ್ಣ ಸಣ್ಣ ಕೀಲುಗಳನ್ನು ಒಂದರೊಳಗೊಂದು ಸೇರಿಸಿ ಮಾಡಿದ ಮೂರು ಕಾಲುಗಳು, ತುದಿಯಲ್ಲಿ ರಬ್ಬರಿನ ಪಾದ, ಮೇಲೆ ಕ್ಯಾಮೆರಾ ಕೂರಿಸುವ ಕಾಲಿಂಚಿನ ಸ್ಕ್ರೂ, ಇಷ್ಟೇ ಅದರ ರಚನೆ. ಆ ಸ್ಕ್ರೂವಿನ ಅಳತೆ ಹೆಚ್ಚುಕಡಿಮೆ ಎಲ್ಲ ಕ್ಯಾಮೆರಾಗಳಿಗೂ ಒಂದೇ ಆದ್ದರಿಂದ ಕಪಾಟಿನಲ್ಲಿ ಮಲಗಿರುವ ಹಳೆಯ ಕ್ಯಾಮೆರಾಕ್ಕೂ ಅದು ಹೊಂದುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಅದು ಎಷ್ಟು ತೂಕ ತಾಳುತ್ತದೆ ಎಂಬುದನ್ನು. ಇನ್ನೂರು ಮುನ್ನೂರು ಗ್ರಾಂ ತೂಗುವ ಕ್ಯಾಮೆರಾಕ್ಕೆಂದು ಮಾಡಿದ ಕಾಲುಗಳ ಮೇಲೆ ದೊಡ್ಡ ಕ್ಯಾಮೆರಾ ಏರಿಸಿದರೆ ಕೀಲುಗಳು ನಿಧಾನವಾಗಿ ಕುಸಿಯುತ್ತವೆ. ಕಣ್ಣಿಗೆ ಕಾಣದಷ್ಟು ನಿಧಾನವಾದ ಆ ಕುಸಿತವೂ ಒಂದು ಸೆಕೆಂಡಿನ ಚಿತ್ರವನ್ನು ಕೆಡಿಸಬಲ್ಲದು. ವರ್ಷಗಟ್ಟಲೆ ಬಳಸಿದ ಕೀಲುಗಳೂ ಸಡಿಲಾಗುತ್ತವೆ. ಕಾಲುಗಳನ್ನು ಅಗಲಿಸಿ ನಿಲ್ಲಿಸಿ, ಲೆನ್ಸ್ ಮುಂದಕ್ಕೆ ಚಾಚಿರುವ ದಿಕ್ಕಿಗೇ ಒಂದು ಕಾಲು ಬರುವಂತೆ ಇಟ್ಟರೆ ಭಾರ ಸಮನಾಗಿ ಹಂಚಿಹೋಗುತ್ತದೆ.

ಇದರ ನಿಜವಾದ ಬೆಲೆ ತಿಳಿಯುವುದು ಭುವನೇಶ್ವರಿಯ ಕೆಳಗೆ. ಸೋಮನಾಥಪುರದ ಕೇಶವ ದೇವಾಲಯದ ಮಂಟಪದಲ್ಲಿ ಪ್ರತಿ ಅಂಕಣದ (ನಾಲ್ಕು ಕಂಬಗಳ ನಡುವಿನ ಚೌಕದ) ಮೇಲೂ ಒಂದೊಂದು ಭುವನೇಶ್ವರಿ ಇದ್ದು, ಒಂದರ ವಿನ್ಯಾಸ ಇನ್ನೊಂದಕ್ಕಿಲ್ಲ. ತಲೆ ಹಿಂದಕ್ಕೆ ಬಾಗಿಸಿ, ಕೈ ಮೇಲೆತ್ತಿ ತೆಗೆದ ಚಿತ್ರದಲ್ಲಿ ಬಾಳೆಯ ಮೊಗ್ಗಿನಂತೆ ಇಳಿಬಿದ್ದ ನಡುವಿನ ಕೆತ್ತನೆ ಒಂದು ಪಕ್ಕಕ್ಕೆ ಜಾರಿ, ಸುತ್ತಲಿನ ವೃತ್ತಗಳು ಮೊಟ್ಟೆಯಾಕಾರ ತಾಳುತ್ತವೆ. ಅದರ ಬದಲು ಟ್ರೈಪಾಡಿನ ಕಾಲುಗಳನ್ನು ಕೆಳಕ್ಕೆ ಹರಡಿ, ಲೆನ್ಸ್ ನೇರವಾಗಿ ಮೇಲಕ್ಕೆ ನೋಡುವಂತೆ ಕ್ಯಾಮೆರಾವನ್ನು ಅಂಕಣದ ನಟ್ಟನಡುವೆ ನೆಲದ ಮೇಲಿಡಬೇಕು. ನೆಲದ ಕಲ್ಲುಗಳು ಏರುಪೇರಾಗಿದ್ದರೂ ಒಂದೊಂದು ಕಾಲನ್ನು ಕೀಲು ಕೀಲಾಗಿ ಬಾಗಿಸಿ ಮಟ್ಟ ಮಾಡಬಹುದು. ಗಟ್ಟಿ ಕಾಲಿನ ದುಬಾರಿ ಸ್ಟ್ಯಾಂಡುಗಳಿಗೂ ಈ ಕೆಲಸ ಕಷ್ಟ. ಶಟರ್ ಗುಂಡಿ ಒತ್ತಿದ ಬೆರಳಿನ ಅದುರು ಚಿತ್ರಕ್ಕೆ ತಾಗದಂತೆ ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಇಟ್ಟು, ನಡುಕ ತಡೆಯುವ ವ್ಯವಸ್ಥೆಯನ್ನು ನಿಲ್ಲಿಸಿ, ಐಎಸ್‌ಒ ಅನ್ನು ಕನಿಷ್ಠಕ್ಕೆ ಇಳಿಸಿ, ಒತ್ತಿದ ಕೂಡಲೇ ಚೌಕಟ್ಟಿನಿಂದ ಆಚೆ ಸರಿದು ನಿಲ್ಲಬೇಕು. ಹಾಗೆ ಮೂಡಿದ ಚಿತ್ರದಲ್ಲಿ ವೃತ್ತಗಳು ವೃತ್ತಗಳಾಗಿಯೇ ಇರುತ್ತವೆ, ಮೂಲೆಯ ಪಟ್ಟಿಕೆಯ ಸಣ್ಣ ಸಿಂಹದ ಮುಖವೂ ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ. ಬೇಲೂರಿನ ನವರಂಗದ ನಡುಗಂಬಗಳ ಮೇಲೆ ನಿಂತ ನಾಲ್ವರು ಮದನಿಕೆಯರನ್ನು (ಸುಂದರಿಯರ ಶಿಲ್ಪಗಳನ್ನು) ಅವರ ಆಭರಣದ ಸೂಕ್ಷ್ಮದೊಂದಿಗೆ ಹಿಡಿಯಲು ನನಗೆ ತಿಳಿದಂತೆ ಪ್ರವಾಸಿಯೊಬ್ಬನಿಗೆ ಇದಕ್ಕಿಂತ ಸರಳ ದಾರಿಯಿಲ್ಲ.

ಈಗ ನಿಯಮದ ವಿಚಾರ. ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಸಂಬಂಧಿಸಿದ 1959ರ ನಿಯಮಾವಳಿಯಲ್ಲಿ, ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಚಿತ್ರ ತೆಗೆಯುವವರು ಆವರಣದೊಳಗೆ ತರಬಾರದ ವಸ್ತುಗಳನ್ನು ಹೆಸರಿಸಲಾಗಿದೆ. ಅಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಎಂಬುದು ಸ್ಟೂಲು, ಕುರ್ಚಿ, ಮೇಜು ಮತ್ತು ದೊಡ್ಡ ಚಿತ್ರಫಲಕಗಳ ಜೊತೆಯಲ್ಲಿ ಬರುತ್ತದೆ. ಆ ಕಾಲಕ್ಕೆ ಇದು ತೀರ ಸರಿಯಾದ ಎಚ್ಚರಿಕೆ. ಅಂದಿನ ಸ್ಟ್ಯಾಂಡುಗಳು ಆಳೆತ್ತರದವು, ಮರದವೋ ಲೋಹದವೋ ಆಗಿದ್ದು, ಅವುಗಳ ಮೊನಚಾದ ಕಾಲುಗಳಿಂದ ನೆಲಕ್ಕೂ, ಉರುಳಿದರೆ ಶಿಲ್ಪಕ್ಕೂ ಪೆಟ್ಟಾಗುವ ಸಂಭವವಿತ್ತು. ಆದರೆ ಅದೇ ನಿಯಮ ಕ್ಯಾಮೆರಾದೊಂದಿಗೆ ಮಿಂಚುವ ಫ್ಲ್ಯಾಶ್ ಬೆಳಕಿಗೆ ವಿನಾಯಿತಿ ಕೊಡುತ್ತದೆ. ಹೀಗಾಗಿ ಶಿಲ್ಪದ ರೂಪವನ್ನು ಚಪ್ಪಟೆ ಮಾಡಿ, ಸುತ್ತಲಿನವರ ಕಣ್ಣು ಕುಕ್ಕುವ ಫ್ಲ್ಯಾಶ್‌ಗೆ ದಾರಿ ತೆರೆದಿದ್ದು, ಯಾರಿಗೂ ತೊಂದರೆ ಕೊಡದೆ ಒಂದು ಸೆಕೆಂಡು ನೆಲದ ಮೇಲೆ ಕೂರುವ ಪುಟ್ಟ ಸಾಧನಕ್ಕೆ ಲಿಖಿತ ಅನುಮತಿ ಬೇಕಾಗಿದೆ. ಬಾಗಿಲಲ್ಲಿ ಚೀಲ ನೋಡುವ ಸಿಬ್ಬಂದಿಯನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ, ಅವರು ತಮಗೆ ಕೊಟ್ಟ ನಿಯಮವನ್ನು ಪಾಲಿಸುತ್ತಾರೆ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ 2018ರ ಜುಲೈನಲ್ಲಿ ಅಜಂತಾ ಗುಹೆಗಳು, ಲೇಹ್ ಅರಮನೆ ಮತ್ತು ತಾಜಮಹಲಿನ ಗೋರಿಯ ಭಾಗವನ್ನು ಬಿಟ್ಟು ಉಳಿದ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಛಾಯಾಗ್ರಹಣಕ್ಕೆ ಅವಕಾಶ ನೀಡಿತು. ಅಂಥ ಉದಾರ ಹೆಜ್ಜೆ ಇಟ್ಟ ಇಲಾಖೆಗೆ ಗೇಣುದ್ದದ ಟ್ರೈಪಾಡಿನ ಬಗ್ಗೆ ಒಂದು ಸ್ಪಷ್ಟನೆ ಹೊರಡಿಸುವುದು ಕಷ್ಟವಾಗಲಾರದು.

ಹೀಗೆ ಕೇಳುವಾಗ ಕ್ಯಾಮೆರಾ ಹಿಡಿಯುವ ನಮ್ಮ ಬಳಗಕ್ಕೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಟ್ರೈಪಾಡಿನ ಜಾಹೀರಾತುಗಳಲ್ಲೆಲ್ಲ ಅದು ಕೊಂಬೆಗೋ ಕಂಬಕ್ಕೋ ಕಂಬಿಗೋ ಸುತ್ತಿಕೊಂಡಿರುತ್ತದೆ. ಆ ಗುಣವನ್ನು ದೇವಾಲಯದೊಳಗೆ ತೋರಿಸಲೇಬಾರದು. ಹೊಯ್ಸಳ ಶಿಲ್ಪಿಗಳು ಅಷ್ಟು ನವಿರಾಗಿ ಕೆತ್ತಲು ಸಾಧ್ಯವಾದದ್ದೇ ಅವರು ಆರಿಸಿಕೊಂಡ ಬಳಪದ ಕಲ್ಲು ಮೃದುವಾಗಿದ್ದುದರಿಂದ. ಗಾಳಿ ಬಿಸಿಲಿಗೆ ಒಡ್ಡಿಕೊಂಡು ಅದು ಗಡುಸಾಗಿದ್ದರೂ ಗ್ರಾನೈಟಿನ ಗಡಸುತನ ಅದಕ್ಕೆ ಎಂದೂ ಬರುವುದಿಲ್ಲ. ಜಾಲಂಧ್ರದ ಸಂದಿಗೆ ಪ್ಲಾಸ್ಟಿಕ್ ಕೀಲುಗಳ ಕಾಲನ್ನು ತೂರಿಸಿ ಬಿಗಿದರೆ ಅಥವಾ ಮೂರ್ತಿಯ ತೋಳಿಗೆ ಸುತ್ತಿದರೆ, ಒಬ್ಬನಿಂದ ಆಗುವ ಸವೆತ ಕಾಣದಿರಬಹುದು, ಆದರೆ ಅದೇ ಜಾಗದಲ್ಲಿ ಅದೇ ಕೋನಕ್ಕಾಗಿ ದಿನವೂ ಹತ್ತಾರು ಜನ ಸುತ್ತಿದರೆ ಅಂಚುಗಳು ಉಳಿಯುವುದಿಲ್ಲ. ನೆಲ ಬಿಟ್ಟು ಬೇರೆಲ್ಲಿಯೂ ಟ್ರೈಪಾಡ್ ಇಡಬಾರದು ಎಂಬ ಷರತ್ತನ್ನು ಇಲಾಖೆ ಹಾಕಿದರೆ ಅದನ್ನು ಮೊದಲು ಸ್ವಾಗತಿಸುವವರು ನಾವಾಗಬೇಕು. ಷರತ್ತು ಮುರಿದವರ ಕ್ಯಾಮೆರಾವನ್ನು ಹೊರಗೆ ಕಳುಹಿಸುವುದೂ ನ್ಯಾಯವೇ.

ಪ್ರವಾಸಿಗಳ ಚಿತ್ರ ಚೆನ್ನಾಗಿ ಬಂದರೆ ಸ್ಮಾರಕಕ್ಕೇನು ಲಾಭ ಎಂಬ ಪ್ರಶ್ನೆ ಏಳಬಹುದು. ಹಾಸನದ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದಲ್ಲಿ 2020ರ ನವೆಂಬರಿನಲ್ಲಿ ಕಾಳಿಯ ವಿಗ್ರಹ ಒಡೆದ ಸ್ಥಿತಿಯಲ್ಲಿ ಕಂಡುಬಂದದ್ದು ಓದುಗರಿಗೆ ನೆನಪಿರಬಹುದು. ಅಂಥ ಆಘಾತ ಎಲ್ಲಿಯೇ ಆಗಲಿ, ಒಡೆಯುವ ಮುಂಚಿನ ರೂಪ ಹೇಗಿತ್ತು, ಯಾವ ಕೈಯಲ್ಲಿ ಯಾವ ಆಯುಧವಿತ್ತು, ಹಳೆಯ ಬಿರುಕು ಯಾವುದು, ಹೊಸದು ಯಾವುದು ಎಂಬುದನ್ನು ಹೇಳಬಲ್ಲದ್ದು ಅದಕ್ಕೂ ಮೊದಲು ತೆಗೆದ ಸ್ಪಷ್ಟ ಚಿತ್ರ ಮಾತ್ರ. ಇಲಾಖೆಯ ಬಳಿ ತನ್ನದೇ ದಾಖಲೆಗಳಿರುತ್ತವೆ, ಅವು ಮುಖ್ಯವೂ ಹೌದು. ಆದರೆ ನಮ್ಮ ರಾಜ್ಯದ ಊರೂರಿನಲ್ಲಿ ಹರಡಿರುವ ಗುಡಿಗಳ ಪ್ರತಿ ಕಂಬವನ್ನೂ ವರ್ಷ ವರ್ಷವೂ ಚಿತ್ರಿಸುವಷ್ಟು ಜನ ಯಾವ ಇಲಾಖೆಯಲ್ಲಿಯೂ ಇರಲಾರರು. ಶಾಲಾ ಪ್ರವಾಸಕ್ಕೆ ಬಂದ ಇತಿಹಾಸದ ಮೇಷ್ಟ್ರು, ನಿವೃತ್ತರಾದ ಮೇಲೆ ಗುಡಿಗಳನ್ನು ಸುತ್ತುವ ಹಿರಿಯರು, ಸ್ನಾತಕೋತ್ತರ ವಿದ್ಯಾರ್ಥಿಗಳು ತೆಗೆಯುವ ಚಿತ್ರಗಳು ಈ ಕೊರತೆಯನ್ನು ಸ್ವಲ್ಪವಾದರೂ ತುಂಬಬಲ್ಲವು, ಅವು ಮಸುಕಾಗಿರಬಾರದು ಅಷ್ಟೇ.

ಯಾರ ಅನುಮತಿಯನ್ನೂ ಕಾಯದೆ ಈ ಟ್ರೈಪಾಡನ್ನು ಇಂದೇ ಬಳಸಬಹುದಾದ ಜಾಗಗಳೂ ನಮ್ಮಲ್ಲಿ ಸಾಕಷ್ಟಿವೆ. ಸಂರಕ್ಷಿತ ಪಟ್ಟಿಯಲ್ಲಿಲ್ಲದ ವೀರಗಲ್ಲುಗಳು, ಮಾಸ್ತಿಕಲ್ಲುಗಳು, ಶಾಸನಗಳು ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ, ತೋಟದ ಬದುವಿನಲ್ಲಿ ನಿಂತಿವೆ. ಸವೆದ ಅಕ್ಷರಗಳು ನಡುಹಗಲಿನ ನೇರ ಬಿಸಿಲಿನಲ್ಲಿ ಕಾಣುವುದಿಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಕಲ್ಲಿನ ಎದುರು ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಟಾರ್ಚಿನ ಬೆಳಕನ್ನು ಒಂದು ಪಕ್ಕದಿಂದ, ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬಿಟ್ಟರೆ ಪ್ರತಿ ಅಕ್ಷರದ ಕೊರೆತದಲ್ಲೂ ನೆರಳು ತುಂಬಿ ಸಾಲುಗಳು ಎದ್ದು ಕಾಣುತ್ತವೆ. ಕ್ಯಾಮೆರಾ ಕದಲದಿದ್ದರೆ, ಬೆಳಕನ್ನು ಎಡದಿಂದ, ಬಲದಿಂದ, ಮೇಲಿನಿಂದ ಬಿಟ್ಟು ತೆಗೆದ ಚಿತ್ರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುತ್ತವೆ. ಒಂದರಲ್ಲಿ ಕಾಣದ ಒತ್ತಕ್ಷರ ಇನ್ನೊಂದರಲ್ಲಿ ಕಾಣಿಸುತ್ತದೆ. ಕಲ್ಲಿಗೆ ಸುಣ್ಣ ಬಳಿಯುವ, ಅಕ್ಷರದ ಮೇಲೆ ಸೀಮೆಸುಣ್ಣ ಎಳೆಯುವ ಹಾನಿಕರ ಅಭ್ಯಾಸಗಳ ಅಗತ್ಯವೇ ಬೀಳುವುದಿಲ್ಲ. ಕಲ್ಲು ಬಹಳ ಗಿಡ್ಡವಾಗಿ ಹೂತುಹೋಗಿರುವಲ್ಲಿ ಆಳೆತ್ತರದ ಸ್ಟ್ಯಾಂಡ್ ಪ್ರಯೋಜನಕ್ಕೆ ಬರುವುದಿಲ್ಲ, ಮಣ್ಣಿನ ಮಟ್ಟದಲ್ಲಿ ಕೂರುವ ಈ ಪುಟ್ಟ ಸಾಧನವೇ ಬೇಕು.

ಸಂರಕ್ಷಿತ ಸ್ಮಾರಕಗಳ ಬಗ್ಗೆ ನನ್ನ ಕೋರಿಕೆ ಹೀಗಿದೆ. ಮೂವತ್ತು ಸೆಂಟಿಮೀಟರಿಗಿಂತ ಎತ್ತರವಿಲ್ಲದ, ರಬ್ಬರ್ ಪಾದಗಳಿರುವ, ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ ಅಥವಾ ಮೊಬೈಲ್ ಹೊರುವ ಟ್ರೈಪಾಡನ್ನು ನೆಲದ ಮೇಲೆ ಮಾತ್ರ ಇಡಲು, ಗರ್ಭಗುಡಿ ಮತ್ತು ಅದರ ಮುಂದಿನ ಸಣ್ಣ ಕೋಣೆಯಾದ ಸುಕನಾಸಿಗಳನ್ನು ಬಿಟ್ಟು ಉಳಿದೆಡೆ, ಪ್ರತ್ಯೇಕ ಅನುಮತಿಯಿಲ್ಲದೆ ಅವಕಾಶವಿರಬೇಕು. ಬೇಲೂರಿನಂತೆ ಪೂಜೆ ನಡೆಯುವ ದೇವಾಲಯಗಳಲ್ಲಿ ಮಂಗಳಾರತಿಯ ವೇಳೆಗೆ ಈ ಅವಕಾಶವನ್ನು ತಡೆಹಿಡಿಯಬಹುದು. ಕಾಲಡಿಯ ವಸ್ತುವಿಗೆ ಮಕ್ಕಳೋ ವೃದ್ಧರೋ ಎಡವುವ ಅಪಾಯವಿರುವುದರಿಂದ ರಜಾದಿನಗಳ ನೂಕುನುಗ್ಗಲಿನಲ್ಲಿಯೂ ಸಿಬ್ಬಂದಿ ತಡೆಯಬಹುದು. ಈ ನಿಯಮಗಳನ್ನು ಟಿಕೆಟ್ ಕೌಂಟರಿನ ಬಳಿ ಕನ್ನಡದಲ್ಲಿ, ಚಿತ್ರಸಹಿತವಾಗಿ ಬರೆದು ಹಾಕಿದರೆ ಬಾಗಿಲಿನಲ್ಲಿ ನಡೆಯುವ ವಾದಗಳು ತಪ್ಪುತ್ತವೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ತನ್ನ ಅಧೀನದ ಸ್ಮಾರಕಗಳಲ್ಲಿ ಇದನ್ನು ಮೊದಲು ಜಾರಿಗೆ ತಂದು ನೋಡಿ, ಒಂದು ವರ್ಷದ ಅನುಭವವನ್ನು ಕೇಂದ್ರ ಇಲಾಖೆಯ ಮುಂದಿಡಬಹುದು.

ಇಂತಿ ನಮಸ್ಕಾರಗಳೊಂದಿಗೆ,
ಪತ್ರಿಕೆಯ ಓದುಗ, ಅರಸೀಕೆರೆ